ಫರಸಿ ನೆಲದ ಮನೆಗೆ ಸ್ಟುಡಿಯೋ ಮೈಕು: ಕೈಗೆಟುಕುವ ಬೆಲೆಯ ಕೆಲವು ಮೈಕುಗಳ ವಿಮರ್ಶೆ

ಧಾರವಾಡದಲ್ಲಿ ಹಾಡುವವರಿಲ್ಲದ ಓಣಿ ಸಿಗುವುದು ಕಷ್ಟ. ಈಚಿನ ವರ್ಷಗಳಲ್ಲಿ ಹಾಡಿದ್ದನ್ನು ಮನೆಯಲ್ಲಿಯೇ ಮುದ್ರಿಸಿಕೊಂಡು ಗುರುಗಳಿಗೆ, ಸ್ಪರ್ಧೆಗಳಿಗೆ ಅಥವಾ ಯೂಟ್ಯೂಬಿಗೆ ಕಳಿಸುವವರೂ ಹೆಚ್ಚಿದ್ದಾರೆ. ಕಥೆ ಓದುವವರು, ಪಾಡ್‌ಕಾಸ್ಟ್ ಮಾಡುವವರು, ಆನ್‌ಲೈನಿನಲ್ಲಿ ಪಾಠ ಹೇಳುವ ಶಿಕ್ಷಕರು ಅವರ ಜೊತೆ ಸೇರಿಕೊಂಡಿದ್ದಾರೆ. ಮೊಬೈಲಿನ ಮೈಕು ಸಾಲದು ಎನಿಸಿದ ದಿನ ಇವರೆಲ್ಲ ಕೇಳುವ ಪ್ರಶ್ನೆ ಒಂದೇ: ಹತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಒಳ್ಳೆಯ ಸ್ಟುಡಿಯೋ ಮೈಕು ಯಾವುದು?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮಾತನ್ನಷ್ಟೇ ಮುದ್ರಿಸುವವರಿಗೆ ಮತ್ತು ಮನೆಯ ಕೋಣೆ ಗುಂಯ್‌ಗುಡುವವರಿಗೆ ವೇದಿಕೆಯ ಮೇಲೆ ಬಳಸುವ, ಹೊರಗಿನ ವಿದ್ಯುತ್ತು ಬೇಡದ ಸಾಧಾರಣ ಡೈನಮಿಕ್ ಮೈಕೇ ಸಾಕು, ಅಷ್ಟೇ ಅಲ್ಲ, ಅದೇ ಲೇಸು. ತಕ್ಕಮಟ್ಟಿಗೆ ಶಾಂತವಾದ ಕೋಣೆಯಿದ್ದು ಕಂಠ ಸಂಗೀತವನ್ನೋ ತಂಬೂರಿಯನ್ನೋ ಮುದ್ರಿಸಬೇಕಾದವರು ಆಡಿಯೋ-ಟೆಕ್ನಿಕಾ ಕಂಪನಿಯ ಎಟಿ2020 ಎಂಬ ಕಂಡೆನ್ಸರ್ (ಹೊರಗಿನಿಂದ ವಿದ್ಯುತ್ತು ಬೇಕಾದ, ಹೆಚ್ಚು ಸೂಕ್ಷ್ಮವಾದ) ಮೈಕನ್ನು ಧೈರ್ಯವಾಗಿ ಕೊಳ್ಳಬಹುದು. ಆನ್‌ಲೈನ್ ಅಂಗಡಿಗಳಲ್ಲಿ ‘ಸ್ಟುಡಿಯೋ ಕಿಟ್’ ಎಂದು ಸಾವಿರ, ಒಂದೂವರೆ ಸಾವಿರಕ್ಕೆ ಮಾರುವ ಪೆಟ್ಟಿಗೆಗಳು ಯಾರಿಗೂ ಬೇಡ. ನಮ್ಮ ಮನೆಯಲ್ಲಿ ಮಗಳು ಹಿಂದುಸ್ತಾನಿಯ ಖ್ಯಾಲ್ ಗಾಯನ ಕಲಿಯುತ್ತಾಳೆ, ನಾನು ಕಥೆಗಳನ್ನು ಓದಿ ಮುದ್ರಿಸುತ್ತೇನೆ. ಆದ್ದರಿಂದ ಈ ಎರಡೂ ಕೆಲಸಗಳಿಗೆ ಕೆಲವು ಮೈಕುಗಳನ್ನು ಕೊಂಡು, ಕೆಲವನ್ನು ಗೆಳೆಯರಿಂದ ಎರವಲು ತಂದು ಒಂದೇ ಕೋಣೆಯಲ್ಲಿಟ್ಟು ಕೇಳಿದ್ದೇನೆ.

ಕೋಣೆಯ ವಿಷಯ ಮೊದಲು ಬರಬೇಕು. ಮೈಕಿನ ಬೆಲೆಗಿಂತ ಅದು ದೊಡ್ಡದು, ಮಾರುವವರು ಯಾರೂ ಅದನ್ನು ಕೇಳುವುದಿಲ್ಲ. ಹುಬ್ಬಳ್ಳಿ-ಧಾರವಾಡದ ಹಳೆಯ ಮನೆಗಳಲ್ಲಿ ನೆಲ ಫರಸಿಯದು, ಹೊಸ ಮನೆಗಳಲ್ಲಿ ಟೈಲ್ಸಿನದು; ಗೋಡೆಗೆ ಗಟ್ಟಿ ಗಿಲಾವು, ಮೇಲೆ ಆರ್‌ಸಿಸಿ, ಮೂಲೆಯಲ್ಲಿ ಕಬ್ಬಿಣದ ಟ್ರೆಜರಿ (ಕಪಾಟು). ಇವೆಲ್ಲ ಧ್ವನಿಯನ್ನು ಹೀರದೆ ಹಿಂದಕ್ಕೆ ಎಸೆಯುವ ವಸ್ತುಗಳು. ಹೊರಗೆ ಟಂಟಂ ಆಟೋ, ಪಕ್ಕದ ಓಣಿಯಲ್ಲಿ ಹಿಟ್ಟಿನ ಗಿರಣಿ, ಶ್ರಾವಣದಲ್ಲಿ ಭಜನೆಯ ಧ್ವನಿವರ್ಧಕ, ಮಳೆಗಾಲದಲ್ಲಿ ತಗಡಿನ ಮೇಲೆ ಬೀಳುವ ಹನಿಯ ಸದ್ದು. ಕಂಡೆನ್ಸರ್ ಮೈಕು ಇವೆಲ್ಲವನ್ನೂ ಹಾಡಿನಷ್ಟೇ ನಿಷ್ಠೆಯಿಂದ ಹಿಡಿದುಕೊಡುತ್ತದೆ. ಮೈಕು ‘ಗದ್ದಲ ಹಿಡಿಯುತ್ತದೆ’ ಎಂದು ದೂರುವವರ ಮೈಕಿನಲ್ಲಿ ಬಹಳ ಸಲ ಯಾವ ದೋಷವೂ ಇರುವುದಿಲ್ಲ.

ಇದಕ್ಕೆ ಪರಿಹಾರ ಮನೆಯಲ್ಲಿಯೇ ಇದೆ. ನೆಲಕ್ಕೆ ನವಲಗುಂದದ ಜಮಖಾನೆಯನ್ನೋ ಅಂಥದೇ ದಪ್ಪ ಹಾಸನ್ನೋ ಹಾಸಿ, ಹಾಡುವವರ ಬೆನ್ನ ಹಿಂದೆ ಎರಡು ಕೌದಿಗಳನ್ನು ಹಗ್ಗಕ್ಕೆ ಇಳಿಬಿಟ್ಟರೆ ಮಾರ್ದನಿ ಕಿವಿಗೆ ಗೊತ್ತಾಗುವಷ್ಟು ತಗ್ಗುತ್ತದೆ. ಕೌದಿಯನ್ನು ಬೆನ್ನ ಹಿಂದೆ ಕಟ್ಟಬೇಕೆನ್ನುವುದಕ್ಕೆ ಕಾರಣವಿದೆ: ಕಾಲರಿಗೆ ಸಿಕ್ಕಿಸುವ ಒಂದನ್ನು ಬಿಟ್ಟರೆ ಇಲ್ಲಿ ಹೇಳುತ್ತಿರುವ ಮೈಕುಗಳೆಲ್ಲ ಕಾರ್ಡಿಯಾಯ್ಡ್ ಜಾತಿಯವು, ಅಂದರೆ ಮುಂದಿನದನ್ನು ಹೆಚ್ಚು, ಹಿಂದಿನದನ್ನು ತೀರ ಕಡಿಮೆ ಕೇಳುವಂಥವು. ಮೈಕು ಹಾಡುವವರ ಕಡೆ ಮುಖ ಮಾಡಿರುವುದರಿಂದ ಅದಕ್ಕೆ ಕಾಣುವುದು ಅವರ ಹಿಂದಿನ ಗೋಡೆಯೇ ಹೊರತು ತನ್ನ ಹಿಂದಿನದಲ್ಲ. ಇದೇ ಲೆಕ್ಕದಲ್ಲಿ ಗಿರಣಿಯ ಕಡೆಗಿನ ಕಿಟಕಿ ಮೈಕಿನ ಬೆನ್ನಿಗೆ ಬರುವಂತೆ ಕೂಡಬೇಕು. ಎಲೆಕ್ಟ್ರಾನಿಕ್ ತಂಬೂರಿ ಹಾಡಿನಲ್ಲಿ ಅತಿಯಾಗಿ ಕೇಳುತ್ತಿದ್ದರೆ ಅದನ್ನೂ ಮೈಕಿನ ಹಿಂಬದಿಗೇ ಇಡಬೇಕು. ಕಪ್ಪು ಸ್ಪಂಜಿನ ತೆಳು ಹಾಳೆಗಳನ್ನು ಗೋಡೆಗೆ ಅಂಟಿಸುವುದು ಈಗ ರೂಢಿಯಾಗಿದೆಯಾದರೂ ಅವು ಹೀರುವುದು ಮೇಲಿನ ಆವರ್ತನಗಳನ್ನು ಮಾತ್ರ. ಕೆಳಗಿನ ಗುಂಯ್‌ಗಾರ ಹಾಗೆಯೇ ಉಳಿಯುತ್ತದೆ, ಮುದ್ರಿಕೆ ಮಬ್ಬಾಗುತ್ತದೆ.

ಇನ್ನು ಎಟಿ2020. ಆಡಿಯೋ-ಟೆಕ್ನಿಕಾ 1962ರಲ್ಲಿ ಜಪಾನಿನಲ್ಲಿ ಆರಂಭವಾದ ಕಂಪನಿ. ಅದೇ ವರ್ಷ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ಅವರು ವಿದ್ಯುದಾವೇಶವನ್ನು ಕಾಯಂ ಆಗಿ ಹಿಡಿದಿಟ್ಟುಕೊಳ್ಳುವ ಎಲೆಕ್ಟ್ರೆಟ್ ಮೈಕನ್ನು ರೂಪಿಸಿದ್ದು. ಕಂಡೆನ್ಸರ್ ಮೈಕುಗಳು ದೊಡ್ಡ ಸ್ಟುಡಿಯೋಗಳ ಕಪಾಟಿನಿಂದ ಮನೆಗಳಿಗೆ ಇಳಿದು ಬಂದದ್ದು ಬಹುಮಟ್ಟಿಗೆ ಆ ಶೋಧದಿಂದ. ಎಟಿ2020 ಕೂಡ ಹಿಂಬದಿಯ ಫಲಕದಲ್ಲಿ ಸ್ಥಿರ ಆವೇಶವಿರುವ ಇದೇ ವಂಶದ ಮೈಕು. ಧ್ವನಿಗೆ ಕಂಪಿಸುವ ಇದರ ಪರದೆ 16 ಮಿಲಿಮೀಟರ್ ವ್ಯಾಸದ್ದು. 20ರಿಂದ 20,000 ಹರ್ಟ್ಜ್‌ವರೆಗಿನ ಧ್ವನಿಯನ್ನು ಹಿಡಿಯುತ್ತದೆ, 144 ಡೆಸಿಬೆಲ್‌ವರೆಗಿನ ಸದ್ದನ್ನು ಒಡೆಯದೆ ತಾಳಿಕೊಳ್ಳುತ್ತದೆ, ಅದರ ಸ್ವಂತ ಗದ್ದಲ 20 ಡೆಸಿಬೆಲ್. ಕೊನೆಯ ಅಂಕಿ ಅಂಥ ಹೆಮ್ಮೆಯದಲ್ಲ. ಇದಕ್ಕಿಂತ ಸಾಕಷ್ಟು ದುಬಾರಿಯಾದ ರೋಡ್ ಎನ್‌ಟಿ1ರಲ್ಲಿ ಅದು 4 ಡೆಸಿಬೆಲ್‌ಗೆ ಇಳಿಯುತ್ತದೆ. ಆದರೆ ನಮ್ಮ ಮನೆಗಳ ನಡುರಾತ್ರಿಯ ನಿಶ್ಶಬ್ದವೂ 20 ಡೆಸಿಬೆಲ್‌ಗಿಂತ ಮೇಲಿನದೇ ಆಗಿರುವಾಗ ಆ ವ್ಯತ್ಯಾಸಕ್ಕೆ ಹೆಚ್ಚಿನ ಹಣ ತೆರುವುದರಲ್ಲಿ ನನಗೆ ಅರ್ಥ ಕಾಣಲಿಲ್ಲ.

ಈ ಮೈಕಿನ ಗುಣ ಮೊದಲು ಕಿವಿಗೆ ಬಿದ್ದದ್ದು ತಂಬೂರಿಯಲ್ಲಿ. ಬುರುಡೆಯಿಂದ ಒಂದು ಮೊಳ ದೂರದಲ್ಲಿ, ತುಸು ಮೇಲಿನಿಂದ, ತಂತಿಗಳನ್ನು ಹೊತ್ತ ಕುದುರೆಯ ಕಡೆ ಮುಖ ಮಾಡಿ ಇಟ್ಟಾಗ, ತಂತಿ ಮೀಟಿದ ಬೆರಳಿನ ಸ್ಪರ್ಶ, ಅದರ ಹಿಂದೆಯೇ ಜವಾರಿಯಿಂದ (ತಂತಿ ಕುದುರೆಗೆ ಸವರಿ ನಡುಗುವುದರಿಂದ) ಅರಳುವ ಸ್ವರಾಂಶಗಳ ಝೇಂಕಾರ, ಮುಂದಿನ ತಂತಿ ಬರುವವರೆಗೆ ಅದು ಕರಗುವ ರೀತಿ, ಇವು ಬೇರೆಬೇರೆಯಾಗಿ ಕೇಳಿದವು. ಅದೇ ಸ್ಥಳದಲ್ಲಿ ಡೈನಮಿಕ್ ಮೈಕು ಇಟ್ಟರೆ ತಂಬೂರಿಯ ಶ್ರುತಿ ಕೇಳುತ್ತದೆ, ಝೇಂಕಾರ ಮಾತ್ರ ಕಂಬಳಿ ಹೊದ್ದಂತೆ ಮುದುಡುತ್ತದೆ. ಡೈನಮಿಕ್ ಮೈಕಿನ ಪರದೆಗೆ ತಂತಿಯ ಸುರುಳಿಯೊಂದು ಅಂಟಿಕೊಂಡಿರುವುದರಿಂದ ಅದು ಭಾರವಾಗಿದ್ದು ಸೂಕ್ಷ್ಮ ಕಂಪನಗಳಿಗೆ ಬೇಗ ಓಗೊಡುವುದಿಲ್ಲ. ಪೇಟಿಯ (ಹಾರ್ಮೋನಿಯಂ) ವಿಷಯದಲ್ಲಿ ಮಾತ್ರ ಕಂಡೆನ್ಸರಿನ ಈ ಸೂಕ್ಷ್ಮತೆ ಅತಿಯಾಗುತ್ತದೆ. ಸ್ವರದ ಜೊತೆಗೆ ಬೆರಳು ಒತ್ತುವ ಮನೆಗಳ ಟಕಟಕ, ತಿದಿಯ ಉಸಿರು ಎಲ್ಲವೂ ಬರುತ್ತವೆ. ಪೇಟಿಗೆ ಮೈಕು ಇನ್ನೊಂದು ಮೊಳ ದೂರ ಸರಿಯಬೇಕು.

ಕಂಠಕ್ಕೆ ಬಂದರೆ, ಗಂಡಸರು ಸಾಮಾನ್ಯವಾಗಿ ಹಿಡಿಯುವ ಕಾಳಿ ಒಂದರ (ಪೇಟಿಯ ಮೊದಲ ಕಪ್ಪು ಮನೆಯ) ಷಡ್ಜ ಸುಮಾರು 139 ಹರ್ಟ್ಜ್. ಮಂದ್ರ ಪಂಚಮಕ್ಕಿಳಿದರೂ 104ರ ಆಸುಪಾಸು. ಆದ್ದರಿಂದ ಪೆಟ್ಟಿಗೆಯ ಮೇಲೆ ‘20 ಹರ್ಟ್ಜ್’ ಎಂದು ಬರೆದಿರುವುದಕ್ಕೆ ಗಾಯಕರು ಮರುಳಾಗಬೇಕಿಲ್ಲ. ಅವರಿಗೆ ಮುಖ್ಯವಾಗುವುದು ದೂರ. ಕಾರ್ಡಿಯಾಯ್ಡ್ ಮೈಕಿಗೆ ಬಾಯಿ ಹತ್ತಿರವಾದಷ್ಟೂ ಕೆಳಗಿನ ಆವರ್ತನಗಳು ಊದಿಕೊಳ್ಳುತ್ತವೆ. ಗಂಗೂಬಾಯಿ ಹಾನಗಲ್ ಅವರ ಗಂಭೀರ ಕಂಠವನ್ನು ಕೇಳಿ ಬೆಳೆದ ಊರಿನವರಿಗೆ ಈ ಊದು ಧ್ವನಿ ಮೊದಲಿಗೆ ಹಿತವೆನಿಸಬಹುದು, ಆದರೆ ಆಲಾಪದಲ್ಲಿ ಮಂದ್ರದ ಸ್ವರಗಳು ಒಂದರೊಳಗೊಂದು ಕೂಡಿಕೊಂಡು ಮಂದವಾಗುತ್ತವೆ. ಬಾಯಿಂದ ಒಂದು ಗೇಣಿಗಿಂತ ತುಸು ಹೆಚ್ಚು ದೂರದಲ್ಲಿ ಮೈಕು ಇಟ್ಟಾಗ ಮಗಳ ಧ್ವನಿ ನಮಗೆ ಮನೆಯಲ್ಲಿ ಕೇಳುವ ಹಾಗೆಯೇ ಕೇಳಿತು. ತೀರ ದೂರವೂ ಸಲ್ಲದು: ದೂರ ದುಪ್ಪಟ್ಟಾದರೆ ನೇರ ಧ್ವನಿ 6 ಡೆಸಿಬೆಲ್ ತಗ್ಗುತ್ತದೆ, ಕೋಣೆಯ ಮಾರ್ದನಿ ಇದ್ದಷ್ಟೇ ಇರುತ್ತದೆ.

ಕನ್ನಡದ ಓದಿಗೆ ಬೇರೊಂದು ಎಚ್ಚರಿಕೆ ಬೇಕು. ನಮ್ಮ ಮಹಾಪ್ರಾಣಗಳು ಮೈಕಿಗೆ ಗಾಳಿಯ ಹೊಡೆತಗಳು. ಮೈಕು ಕೊಳ್ಳುವ ಮುನ್ನ ‘ಭಕ್ತಿಭಂಡಾರಿ ಬಸವಣ್ಣ’ ಎಂಬ ಎರಡು ಪದಗಳನ್ನು ಅದರ ಮುಂದೆ ಸಹಜ ದನಿಯಲ್ಲಿ ಹೇಳಿ ನೋಡಿದರೆ ಸಾಕು. ಎಲ್ಲೆಲ್ಲಿ ಢಬ್ ಎನ್ನುತ್ತದೆಂದು ಹೆಡ್‌ಫೋನಿನಲ್ಲಿ ತಿಳಿಯುತ್ತದೆ. ಎಟಿ2020ರ ಜೊತೆಗೆ ಈ ಹೊಡೆತ ತಡೆಯುವ ಪಾಪ್ ಫಿಲ್ಟರ್ ಬರುವುದಿಲ್ಲ, ಅದನ್ನು ಬೇರೆ ಕೊಳ್ಳಬೇಕು. ಅದರ ಜೊತೆಗೆ ಮೈಕನ್ನು ಬಾಯಿಯ ನೇರಕ್ಕಿಡದೆ ತುಸು ಓರೆಯಾಗಿಸಿದರೆ ಭಕಾರ, ಫಕಾರಗಳು ಪಕ್ಕದಿಂದ ಹಾದುಹೋಗುತ್ತವೆ. ಈ ಮೈಕಿನ ಸ್ವಭಾವದಲ್ಲಿ ಮೇಲಿನ ಆವರ್ತನಗಳು ಒಂದಿಷ್ಟು ಏರಿರುವುದರಿಂದ ಸಕಾರ, ಶಕಾರಗಳು ಚೂಪಾಗಿ ಕೇಳುವವರೂ ಇದ್ದಾರೆ. ಅವರಿಗೂ ಓರೆಯೇ ಮದ್ದು. ಮೈಕಿನ ಮೈಮೇಲೆ ಯಾವ ಸ್ವಿಚ್ಚೂ ಇಲ್ಲ. ಕೆಳಗಿನ ಗುಂಯ್‌ಗಾರವನ್ನು ಕತ್ತರಿಸುವ ಸೌಲಭ್ಯ ಬೇಕೆಂದರೆ ಮುದ್ರಿಸಿದ ಮೇಲೆ ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶದಲ್ಲಿ 80 ಹರ್ಟ್ಜ್ ಕೆಳಗಿನದನ್ನು ತೆಗೆದುಹಾಕಬೇಕು. ನನಗೆ ಇದು ಕೊರತೆಯೆನಿಸಲಿಲ್ಲ.

ಡೈನಮಿಕ್ ಮೈಕುಗಳಲ್ಲಿ ಹೆಸರಾದದ್ದು ಶೂರ್ ಎಸ್‌ಎಂ58. 1966ರಿಂದ ಹೆಚ್ಚು ಬದಲಾಗದೆ ನಡೆದುಬಂದ ಈ ಮೈಕು 50ರಿಂದ 15,000 ಹರ್ಟ್ಜ್‌ವರೆಗೆ ಕೇಳುತ್ತದೆ. ಅದರ ಬೆಲೆ ಎಟಿ2020ರ ಹತ್ತಿರಕ್ಕೇ ಬರುತ್ತದೆ. ಅಷ್ಟು ಬೇಡವೆಂದರೆ ಬೆಹ್ರಿಂಗರ್ ಎಕ್ಸ್‌ಎಂ8500 ಅದರ ಕಾಲು ಭಾಗದ ಆಸುಪಾಸಿಗೆ ಸಿಗುತ್ತದೆ. ಬಾಯಿಗೆ ನಾಲ್ಕು ಬೆರಳಷ್ಟು ಹತ್ತಿರ ಹಿಡಿದು ಓದಿದರೆ ಎರಡರಲ್ಲೂ ಟಂಟಮ್ಮಿನ ಸದ್ದು ಹಿಂದಕ್ಕೆ ಸರಿದು ಓದುವವರ ದನಿ ಮುಂದೆ ಬರುತ್ತದೆ. ಡೈನಮಿಕ್ ಮೈಕಿಗೆ ಗದ್ದಲ ಕೇಳಿಸುವುದೇ ಇಲ್ಲವೆಂದು ಇದರ ಅರ್ಥವಲ್ಲ. ಅದನ್ನು ಅಷ್ಟು ಹತ್ತಿರದಿಂದ ಬಳಸಲು ಬರುತ್ತದೆ, ಆದ್ದರಿಂದ ದೂರದ ಸದ್ದು ತಾನಾಗಿಯೇ ಕಿರಿದಾಗುತ್ತದೆ. ಕಥೆಯ ಓದಿಗೆ ನಾನು ಈಗ ಬಳಸುತ್ತಿರುವುದು ಡೈನಮಿಕ್ ಮೈಕನ್ನೇ.

ಆದರೆ ಈ ಮೈಕುಗಳು ಕೊಡುವ ವಿದ್ಯುತ್ ಸಂಕೇತ ಬಹಳ ಕ್ಷೀಣ. ಒಂದೇ ಅಳತೆಯ ಸದ್ದಿಗೆ ಎಟಿ2020 ಸುಮಾರು 14 ಮಿಲಿವೋಲ್ಟ್ ಕೊಟ್ಟರೆ ಎಸ್‌ಎಂ58 ಕೊಡುವುದು 2 ಮಿಲಿವೋಲ್ಟಿಗೂ ಕಡಿಮೆ, ಅಂದರೆ ಏಳು ಪಟ್ಟಿಗಿಂತ ಹೆಚ್ಚಿನ ಅಂತರ. ಅದನ್ನು ಮೇಲೆತ್ತುವ ಕೆಲಸ ಆಡಿಯೋ ಇಂಟರ್‌ಫೇಸಿನದು. ಮೈಕಿಗೂ ಕಂಪ್ಯೂಟರಿಗೂ ನಡುವೆ ಕೂಡುವ ಈ ಪುಟ್ಟ ಪೆಟ್ಟಿಗೆಯಲ್ಲಿ ಉಳಿತಾಯ ಮಾಡಿದವರು ಮೆಲುದನಿಯ ಓದಿನಲ್ಲಿ ಗೇನ್ (ಸಂಕೇತವನ್ನು ಹಿಗ್ಗಿಸುವ) ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ, ಮಾತಿನ ಜೊತೆಗೆ ‘ಹಿಸ್ಸ್’ ಎಂಬ ಸದ್ದನ್ನೂ ಮುದ್ರಿಸಿಕೊಳ್ಳುತ್ತಾರೆ. ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋದ ನಾಲ್ಕನೆಯ ಪೀಳಿಗೆಯಲ್ಲಿ 57 ಡೆಸಿಬೆಲ್ ಗೇನ್ ಇದೆ. ಡೈನಮಿಕ್ ಮೈಕಿಗೆ ಅಷ್ಟಿದ್ದರೆ ನೆಮ್ಮದಿ. ಬೆಹ್ರಿಂಗರ್ ಯುಎಂ2 ಅದರ ಅರ್ಧದಷ್ಟು ಬೆಲೆಗೆ ದೊರೆಯುತ್ತದೆ, ಕಂಡೆನ್ಸರ್ ಮೈಕಿಗೆ ಬೇಕಾದ, ಮೈಕಿನ ಕೇಬಲ್ಲಿನಲ್ಲೇ ಹೋಗುವ 48 ವೋಲ್ಟಿನ ಫ್ಯಾಂಟಮ್ ವಿದ್ಯುತ್ತನ್ನೂ ಕೊಡುತ್ತದೆ. ಎಟಿ2020ರಂಥ ಗಟ್ಟಿ ಸಂಕೇತದ ಮೈಕಿನ ಜೊತೆ ಅದು ಹೊಂದಿಕೊಳ್ಳುತ್ತದೆ. ಅಗ್ಗದ ಮೈಕಿಗೆ ಒಳ್ಳೆಯ ಇಂಟರ್‌ಫೇಸ್, ಗಟ್ಟಿ ಮೈಕಿಗೆ ಅಗ್ಗದ ಇಂಟರ್‌ಫೇಸ್ ಎಂದು ತಿರುವುಮುರುವಾಗಿ ಹಣ ಹಂಚುವುದೇ ಇಲ್ಲಿ ಜಾಣತನ.

ಇಂಟರ್‌ಫೇಸಿನ ಗೊಡವೆಯೇ ಬೇಡವೆನ್ನುವ ಶಿಕ್ಷಕರಿಗೆ ಸ್ಯಾಮ್ಸನ್ ಕ್ಯೂ2ಯು ಒಂದು ಮಧ್ಯದ ದಾರಿ. ಡೈನಮಿಕ್ ಮೈಕಾಗಿದ್ದು ಯುಎಸ್‌ಬಿ ಮತ್ತು ಎಕ್ಸ್‌ಎಲ್‌ಆರ್ (ಅಂಗಡಿಯವರ ಮಾತಿನಲ್ಲಿ ಮೂರು ಪಿನ್ನಿನ ಕ್ಯಾನನ್) ಎರಡೂ ಅದರಲ್ಲಿವೆ, ಹೆಡ್‌ಫೋನಿಗೆ ತೂತೂ ಇದೆ. ಇಂದು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಮುಂದೆ ಇಂಟರ್‌ಫೇಸ್ ಕೊಂಡಾಗ ಅದೇ ಮೈಕನ್ನು ಉಳಿಸಿಕೊಳ್ಳಬಹುದು. ನಮ್ಮ ಕಡೆಯ ಅಂಗಡಿಗಳಲ್ಲಿ ಸುಲಭವಾಗಿ ಕಾಣಸಿಗುವುದಿಲ್ಲ, ಆನ್‌ಲೈನಿನಲ್ಲಿ ತರಿಸಬೇಕು. ಕಾಲರಿಗೆ ಸಿಕ್ಕಿಸುವ ಬೋಯಾ ಬಿವೈ-ಎಂ1 ಪಾಠದ ವಿಡಿಯೋಗಳಿಗೆ ಸಾಕು. ಅದು ಎಲ್ಲ ದಿಕ್ಕಿನಿಂದಲೂ ಕೇಳುವ ಮೈಕು, ಹಾಡಿಗೆ ಅದನ್ನು ಯೋಚಿಸಬೇಕಿಲ್ಲ.

ಈಗ ಆ ‘ಕಿಟ್’ಗಳ ಮಾತು. ಬಿಎಂ-800 ಎಂಬ ಸಂಖ್ಯೆಯಡಿ ಹತ್ತಾರು ಹೆಸರುಗಳಲ್ಲಿ ಮಾರಾಟವಾಗುವ ಈ ಮೈಕುಗಳ ಜೊತೆಗೆ ಮಡಚುವ ಸ್ಟ್ಯಾಂಡ್, ಸ್ಪಂಜಿನ ಟೋಪಿ, ಪಾಪ್ ಫಿಲ್ಟರ್ ಎಲ್ಲ ಬರುತ್ತವೆ, ನೋಟಕ್ಕೆ ಸ್ಟುಡಿಯೋ ಮೈಕೇ. ಹುಬ್ಬಳ್ಳಿಯ ಪೇಟೆಯಲ್ಲಿ ಒಂದು ಅಂಗಡಿಯವರು ಅಂಥದೊಂದನ್ನು ಕೈಗಿಟ್ಟು, ‘ಸರ, ಇದನ್ನ ತೊಗೊಂಡ ಹೋಗ್ರಿ, ಮೊಬೈಲಿಗೆ ಚುಚ್ಚಿದ್ರ ಮುಗೀತು, ಬ್ಯಾರೆ ಏನೂ ಬೇಕಾಗಂಗಿಲ್ಲ’ ಎಂದರು. ಚುಚ್ಚಿದರೆ ಸದ್ದು ಬರುತ್ತದೆ ಎನ್ನುವುದು ನಿಜ. ಆದರೆ ಮೊಬೈಲಿನ ತೂತಿನಿಂದ ಹೋಗುವುದು ಕೆಲವೇ ವೋಲ್ಟುಗಳು. ಅಷ್ಟರಲ್ಲಿ ಆ ಮೈಕು ಅರೆಜೀವವಾಗಿ ಕೆಲಸ ಮಾಡುತ್ತದೆ, ಸಂಕೇತ ಕ್ಷೀಣವಾಗಿ ಗದ್ದಲ ಮೇಲೇಳುತ್ತದೆ. ಫ್ಯಾಂಟಮ್ ಪೂರೈಕೆಗೆಂದು ಬೇರೊಂದು ಪೆಟ್ಟಿಗೆ, ಅದಕ್ಕೊಂದು ಕೇಬಲ್ ಎಂದು ಸೇರಿಸುತ್ತ ಹೋದರೆ ಒಂದು ಸಾಧಾರಣ ಡೈನಮಿಕ್ ಮೈಕಿನ ಬೆಲೆಯನ್ನು ದಾಟುತ್ತದೆ.

ಕೇಬಲ್ಲಿನ ಬಗ್ಗೆ ಹೇಳಲೇಬೇಕಾದ ಒಂದು ಸಂಗತಿಯಿದೆ. ನಮ್ಮಲ್ಲಿ ಮೈಕು ಮಾರುವ ಅಂಗಡಿಗಳು ಬಹುತೇಕ ಗುಡಿ, ಶಾಲೆ, ಮದುವೆ ಮಂಟಪಗಳ ಧ್ವನಿವರ್ಧಕದ ವ್ಯಾಪಾರದಲ್ಲಿ ಪಳಗಿದವು. ಮೈಕಿನ ಕೇಬಲ್ ಕೇಳಿದರೆ ಒಂದು ತುದಿಗೆ ಕ್ಯಾನನ್ ಪಿನ್, ಇನ್ನೊಂದು ತುದಿಗೆ ಪಿ-38 ಎಂಬ ದಪ್ಪ ಜಾಕ್ ಇರುವ ಕೇಬಲ್ಲನ್ನೇ ಕೊಡುತ್ತಾರೆ; ಆಂಪ್ಲಿಫೈಯರಿಗೆ ಬೇಕಾದದ್ದು ಅದೇ. ಅದರಿಂದ ಇಂಟರ್‌ಫೇಸಿನ ಫ್ಯಾಂಟಮ್ ವಿದ್ಯುತ್ತು ಕಂಡೆನ್ಸರ್ ಮೈಕನ್ನು ಮುಟ್ಟುವುದಿಲ್ಲ, ಮೈಕು ಸತ್ತಂತೆ ಬಿದ್ದಿರುತ್ತದೆ. ಎರಡೂ ತುದಿಗೆ ಮೂರು ಪಿನ್ನಿನ ಕ್ಯಾನನ್ ಇರುವ ಕೇಬಲ್ಲನ್ನೇ ಒತ್ತಾಯಿಸಿ ಕೇಳಬೇಕು. ಇದರಲ್ಲಿ ಸಂಕೇತ ಎರಡು ತಂತಿಗಳಲ್ಲಿ ಒಂದಕ್ಕೊಂದು ವಿರುದ್ಧವಾಗಿ ಸಾಗುವುದರಿಂದ ದಾರಿಯಲ್ಲಿ ಸೇರಿಕೊಂಡ ವಿದ್ಯುತ್ ಗದ್ದಲ ಕೊನೆಯಲ್ಲಿ ಪರಸ್ಪರ ಅಳಿಸಿಹೋಗುತ್ತದೆ. ಇಷ್ಟಾದ ಮೇಲೂ ಮುದ್ರಿಕೆಯಲ್ಲಿ ಒಂದೇ ಸಮನೆ ‘ಊಂ’ ಎನ್ನುತ್ತಿದ್ದರೆ ಅದು ನಮ್ಮ ಮನೆಯ ಕರೆಂಟಿನ 50 ಹರ್ಟ್ಜ್‌ನ ದನಿ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಮುದ್ರಿಸಿದರೆ ಅನೇಕ ಮನೆಗಳಲ್ಲಿ ಅದು ಅಲ್ಲಿಗೇ ನಿಲ್ಲುತ್ತದೆ; ನಿಲ್ಲದಿದ್ದರೆ ಇನ್ವರ್ಟರ್, ಫ್ಯಾನಿನ ರೆಗ್ಯುಲೇಟರ್, ಅಗ್ಗದ ಎಲ್‌ಇಡಿ ಬಲ್ಬುಗಳನ್ನು ಒಂದೊಂದಾಗಿ ಆರಿಸಿ ಕಳ್ಳನನ್ನು ಹಿಡಿಯಬೇಕು.

ಮುದ್ರಿಸುವಾಗ 24 ಬಿಟ್ ಇಟ್ಟುಕೊಂಡು, ಅತಿ ಜೋರಾದ ಕಡೆಯೂ ಮೀಟರು ಮೈನಸ್ 12 ಡೆಸಿಬೆಲ್ ದಾಟದಂತೆ ನೋಡಿಕೊಳ್ಳಬೇಕು. ಖ್ಯಾಲಿನಲ್ಲಿ ಮಂದ್ರದ ಆಲಾಪಕ್ಕೂ ತಾರ ಷಡ್ಜದ ಮೇಲಿನ ತಾನ್‌ಗೂ (ವೇಗದ ಸ್ವರಗಳ ಓಟಕ್ಕೂ) ಇರುವ ಅಂತರ ಮಾತಿನಲ್ಲಿಲ್ಲ. ಆಲಾಪಕ್ಕೆ ಗೇನ್ ಹೊಂದಿಸಿ ಕುಳಿತವರ ಮುದ್ರಿಕೆ ತಾನ್ ಬಂದೊಡನೆ ಒಡೆಯುತ್ತದೆ. ಒಡೆಯುವುದು ಮೈಕಲ್ಲ, ಇಂಟರ್‌ಫೇಸು. ಹೆಡ್‌ಫೋನ್ ವೈರಿನದೇ ಆಗಿರಬೇಕು. ಬ್ಲೂಟೂತಿನಲ್ಲಿ ತನ್ನ ದನಿ ತಡವಾಗಿ ಕೇಳಿ ಹಾಡುವವರ ಲಯ ತಪ್ಪುತ್ತದೆ.

ಧಾರವಾಡ ಆಕಾಶವಾಣಿ 1950ರಲ್ಲಿ ಆರಂಭವಾದಂದಿನಿಂದ ಇಲ್ಲಿನ ಕೇಳುಗರ ಕಿವಿ ಪಳಗಿದ್ದು ಸ್ಟುಡಿಯೋದ ಸದ್ದಡಗಿಸಿದ ಕೋಣೆಗಳಿಂದ ಬಂದ ಧ್ವನಿಗೆ. ಆ ಮಟ್ಟವನ್ನು ಪಡಸಾಲೆಯಲ್ಲಿ ಕೂತು ಮುಟ್ಟುತ್ತೇವೆಂದು ಯಾವ ಮೈಕೂ ಮಾತು ಕೊಡಲಾರದು. ಬೆಳಗಿನ ಐದರ ಹೊತ್ತಿಗೆ, ಚಿಗರಿ ಬಸ್ಸುಗಳೂ ಗಿರಣಿಯೂ ಶುರುವಾಗುವ ಮುನ್ನ, ಫ್ಯಾನು ಆರಿಸಿ ಮುದ್ರಿಸಿದ ಎಟಿ2020ರ ಧ್ವನಿ ಗುರುಗಳಿಗೆ ಕಳಿಸಲು ಸಂಕೋಚವಾಗದಷ್ಟು ಚೊಕ್ಕವಾಗಿರುತ್ತದೆ. ಅದೇ ಮೈಕು ಸಂಜೆಯ ಏಳಕ್ಕೆ ಕೆಲಸಕ್ಕೆ ಬಾರದು.

ಕೊಳ್ಳುವಾಗ ಬಿಲ್ಲಿನ ಮೇಲೆ ಮಾದರಿಯ ಪೂರ್ಣ ಹೆಸರನ್ನು ಬರೆಸಿಕೊಳ್ಳಬೇಕು. ಎಟಿ2020 ಬೇರೆ, ಅದರ ಯುಎಸ್‌ಬಿ ರೂಪ ಬೇರೆ. ಒಂದನ್ನು ಕೇಳಿದವರಿಗೆ ಇನ್ನೊಂದು ಬಂದರೆ ಕೈಯಲ್ಲಿರುವ ಇಂಟರ್‌ಫೇಸು ನಿರುಪಯೋಗಿ. ಎಸ್‌ಎಂ58ಕ್ಕೆ ನಕಲುಗಳ ಕಾಟ ಬಹಳ. ಅಸಲಿ 298 ಗ್ರಾಂ ತೂಗುತ್ತದೆ, ಅರ್ಧ ಬೆಲೆಗೆ ಸಿಕ್ಕಿತೆಂದು ಯಾರಾದರೂ ತೋರಿಸಿದರೆ ಮೊದಲು ತಕ್ಕಡಿಯಲ್ಲಿಟ್ಟು ನೋಡಬಹುದು. ಕಂಡೆನ್ಸರ್ ಮೈಕಿಗೆ ತೇವ ಆಗದು. ಧಾರವಾಡದ ಜೂನ್-ಜುಲೈ ತಿಂಗಳುಗಳಲ್ಲಿ ಅದನ್ನು ಸ್ಟ್ಯಾಂಡಿನ ಮೇಲೆಯೇ ಬಿಡದೆ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಎರಡು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟು, ಆ ಪೊಟ್ಟಣಗಳನ್ನು ಆಗಾಗ ಬದಲಿಸುತ್ತಿರಬೇಕು.